ತಿರುಚುವ ದಂಡ, ತಡೆಯುವ ಉಂಗುರ

1923ರಲ್ಲಿ ಭದ್ರಾವತಿಯ ಕುಲುಮೆಯಿಂದ ಕಬ್ಬಿಣವು ಹರಿಯಿತು; ಮುಂದೆ ಅಲ್ಲಿ ಮಿಶ್ರಲೋಹದ ಉಕ್ಕೂ ತಯಾರಾಯಿತು. ಎಷ್ಟೇ ಗಟ್ಟಿಯಾದ ಉಕ್ಕಾದರೂ ತಿರುಚಿದರೆ ಕಿಂಚಿತ್ತಾದರೂ ಮಣಿಯುವುದು. ಪಂದ್ಯದ ಕಾರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಅದರ ಕ್ರ್ಯಾಂಕ್ ದಂಡಕ್ಕೆ ಸೆಕೆಂಡಿಗೆ 200 ಹೊಡೆತಗಳು ಬೀಳುತ್ತವೆ. ಹೊಡೆತಗಳ ಲಯವು ದಂಡದ ಸಹಜ ಕಂಪನಕ್ಕೆ ಹೊಂದಿಬಿಟ್ಟರೆ, ತಾಳಕ್ಕೆ ಸರಿಯಾಗಿ ನೂಕಿದ ಉಯ್ಯಾಲೆಯಂತೆ ತಿರುಚು ಬೆಳೆಯುತ್ತ ಹೋಗಿ ದಂಡವು ಮುರಿಯಲೂಬಹುದು. ಇದೇ ಅನುರಣನೆ.

ಇದನ್ನು ತಡೆಯಲು ದಂಡದ ಮುಂತುದಿಯ ರಾಟೆಗೆ ಭಾರವಾದ ಉಂಗುರವೊಂದನ್ನು ರಬ್ಬರಿನ ಪಟ್ಟಿಯಿಂದ ಕೂಡಿಸಿರುತ್ತಾರೆ. ಉಂಗುರವು ಜಡತ್ವದಿಂದ ಕಂಪನಕ್ಕೆ ಎದುರು ನಿಲ್ಲುತ್ತದೆ. ನಡುವಣ ರಬ್ಬರು ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಉಂಗುರವಿಲ್ಲದ ಹಗುರವಾದ ಅಲ್ಯೂಮಿನಿಯಂ ರಾಟೆಯಿಂದ ಎಂಜಿನು ಬೇಗನೆ ವೇಗ ಪಡೆಯುವುದು ನಿಜ. ಆದರೆ ಆ ಲಾಭಕ್ಕೆ ದಂಡವೇ ಬೆಲೆ ತೆರಬೇಕಾದೀತು. ಆದುದರಿಂದ ರಾಟೆಯನ್ನು ಆರಿಸುವವನು ತೂಕಕ್ಕಿಂತ ಮೊದಲು ಕಂಪನವನ್ನು ಲೆಕ್ಕಹಾಕಬೇಕು.