ಬೆಲೆಬಾಳುವ ಲ್ಯಾಪ್‌ಟಾಪ್: ಅದರ ಪರೀಕ್ಷೆ ಮತ್ತು ಪಾಲನೆ

ಬೆಲೆ ಹೆಚ್ಚಾದುದೆಲ್ಲವೂ ಒಳ್ಳೆಯದೆಂದು ತಿಳಿಯುವುದು ಒಂದು ತಪ್ಪು. ಬೆಲೆ ಕಡಿಮೆಯಾದುದೇ ಲಾಭವೆಂದು ತಿಳಿಯುವುದು ಮತ್ತೊಂದು ತಪ್ಪು. ಪಾತ್ರೆಯನ್ನು ಕೊಳ್ಳುವಾಗ ನಮ್ಮ ಹಿರಿಯರು ಅದನ್ನು ಬಡಿದು ನೋಡುವರು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವರು. ಲ್ಯಾಪ್‌ಟಾಪನ್ನು ಪರೀಕ್ಷಿಸುವ ಬಗೆ ಮಾತ್ರ ಅನೇಕರಿಗೆ ತಿಳಿಯದು. ಶಾಲೆಯನ್ನು ಮುಗಿಸಿ ಕಾಲೇಜು ಸೇರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಏಳುವುದುಂಟು. ಲಕ್ಷ ರೂಪಾಯಿಯೆಂದರೆ ತಂದೆತಾಯಿಗಳ ಬಹುಕಾಲದ ಉಳಿತಾಯ. ಆದುದರಿಂದ ಈ ವಿಷಯವನ್ನು ಸಾವಧಾನವಾಗಿ ವಿಚಾರಿಸುವುದು ಉಚಿತ.

ಪೂರ್ವೇತಿಹಾಸ

1981ರಲ್ಲಿ ಮಾರಾಟಕ್ಕೆ ಬಂದ ‘ಆಸ್ಬರ್ನ್ 1’ ಎಂಬ ಒಯ್ಯಬಹುದಾದ ಗಣಕಯಂತ್ರದ ತೂಕ ಸುಮಾರು 11 ಕಿಲೋಗ್ರಾಂ. ಅದನ್ನು ಹೊರುವುದು ಹೊಲಿಗೆಯ ಯಂತ್ರವನ್ನು ಹೊತ್ತಂತೆಯೇ ಸರಿ. 1992ರಲ್ಲಿ ಐ.ಬಿ.ಎಂ. ಸಂಸ್ಥೆಯು ‘ಥಿಂಕ್‌ಪ್ಯಾಡ್’ ಎಂಬ ಕಪ್ಪುಬಣ್ಣದ ಲ್ಯಾಪ್‌ಟಾಪನ್ನು ಹೊರತಂದಿತು. 2008ರಲ್ಲಿ ಆಪಲ್ ಸಂಸ್ಥೆಯ ‘ಮ್ಯಾಕ್‌ಬುಕ್ ಏರ್’ ಬಂದಿತು. ಅದರ ತೂಕ 1.36 ಕಿಲೋಗ್ರಾಂ ಮಾತ್ರ. ಅಂದಿನಿಂದ ತೆಳುವಾಗಿ, ಹಗುರವಾಗಿ, ಗಟ್ಟಿಯಾಗಿ ಇರುವುದೇ ಬೆಲೆಬಾಳುವ ಯಂತ್ರದ ಲಕ್ಷಣವೆಂಬ ಭಾವನೆ ಬೇರೂರಿತು.

ಹೊರಮೈಯ ರಚನೆ

ಇಂತಹ ಯಂತ್ರಗಳ ಹೊರಮೈಯನ್ನು ಅಲ್ಯೂಮಿನಿಯಂ, ಮೆಗ್ನೀಸಿಯಂ ಮಿಶ್ರಲೋಹ ಅಥವಾ ಇಂಗಾಲದ ನಾರಿನಿಂದ ಮಾಡುವರು. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಮ್ಮಿನ ತೂಕ 2.7 ಗ್ರಾಂ, ಮೆಗ್ನೀಸಿಯಮ್ಮಿನದು 1.74 ಗ್ರಾಂ. ಅಲ್ಯೂಮಿನಿಯಂ ಉತ್ತಮ ಉಷ್ಣವಾಹಕವಾದುದರಿಂದ ಒಳಗಿನ ಶಾಖವನ್ನು ಬೇಗನೆ ಹೊರಗೆಡಹುವುದು. ಪ್ಲಾಸ್ಟಿಕ್ಕಿಗೆ ಈ ಗುಣವಿಲ್ಲ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು ಸುಲಭವಾಗಿವೆ. ಒಂದೇ ಬೆರಳಿನಿಂದ ಮುಚ್ಚಳವನ್ನು ಎತ್ತಿರಿ. ತಳವು ಮೇಲೇಳದೆ ಮುಚ್ಚಳವು ತೆರೆದರೆ ಕೀಲು ಚೆನ್ನಾಗಿದೆಯೆಂದು ತಿಳಿಯಬಹುದು. ಕೀಲಿಮಣೆಯ ನಡುಭಾಗವನ್ನು ಒತ್ತಿರಿ, ಅದು ಬಾಗಬಾರದು. ಪರದೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಅಕ್ಷರಗಳು ಕಾಣುವವೋ ನೋಡಿರಿ.

ಲೋಹದ ಹೊರಮೈಯಲ್ಲಿ ಒಂದು ತೊಡಕೂ ಉಂಟು. ಎರಡು ಕಡ್ಡಿಯ ಪ್ಲಗ್ ಇರುವ ಚಾರ್ಜರನ್ನು ಹಾಕಿ, ಬರಿಗಾಲಿನಲ್ಲಿ ನೆಲದ ಮೇಲೆ ನಿಂತು ಮುಟ್ಟಿದರೆ ಕೈಯಲ್ಲಿ ಜುಮ್ಮೆನ್ನುವುದುಂಟು. ಚಾರ್ಜರಿನ ಒಳಗಿರುವ ಒಂದು ಭಾಗದಿಂದ ಅತ್ಯಲ್ಪವಾದ ವಿದ್ಯುತ್ತು ಹೊರಮೈಗೆ ಸೋರಿ, ನೆಲಕ್ಕಿಳಿಯಲು ಬೇರೆ ದಾರಿಯಿಲ್ಲದೆ ನಮ್ಮ ದೇಹದ ಮೂಲಕ ಹರಿಯುವುದೇ ಇದಕ್ಕೆ ಕಾರಣ. ಮೂರು ಕಡ್ಡಿಯ ಪ್ಲಗ್ ಮತ್ತು ಸರಿಯಾದ ಅರ್ತಿಂಗ್ ಇದ್ದರೆ ಈ ತೊಂದರೆಯಿರದು. ಹೊಡೆತವು ಬಲವಾಗಿದ್ದರೆ ಕೂಡಲೇ ಚಾರ್ಜರನ್ನು ತೆಗೆದು, ಮನೆಯ ತಂತಿಗಳನ್ನೂ ಎಲೆಕ್ಟ್ರಿಷಿಯನ್ನನಿಂದ ಪರೀಕ್ಷೆ ಮಾಡಿಸಬೇಕು.

ಒಳಗಿನ ಗುಣಗಳು

ಇಂದಿನ ಅನೇಕ ತೆಳು ಯಂತ್ರಗಳಲ್ಲಿ ‘ರ‍್ಯಾಮ್’ ಎಂಬ ಸ್ಮೃತಿಭಾಗವನ್ನು ಮುಖ್ಯಫಲಕಕ್ಕೇ ಬೆಸುಗೆ ಹಾಕಿರುವರು. ಮುಂದೆ ಅದನ್ನು ಹೆಚ್ಚಿಸಲಾಗದು. ಆದುದರಿಂದ ಇಂದಿನ ಅವಶ್ಯಕತೆಯನ್ನಲ್ಲದೆ ಐದಾರು ವರ್ಷಗಳ ಮುಂದಿನದನ್ನೂ ಕೊಳ್ಳುವ ದಿನವೇ ಯೋಚಿಸಬೇಕು. ಫ್ಯಾನ್ ಇಲ್ಲದ ಯಂತ್ರಗಳು ನಿಶ್ಶಬ್ದವಾಗಿರುವುವು, ಧೂಳನ್ನು ಒಳಗೆ ಸೆಳೆಯವು. ಆದರೆ ಹೆಚ್ಚು ಹೊತ್ತು ಭಾರಿಯಾದ ಕೆಲಸ ಕೊಟ್ಟರೆ ಶಾಖವನ್ನು ತಗ್ಗಿಸಲು ತಾವೇ ವೇಗವನ್ನು ಕುಗ್ಗಿಸಿಕೊಳ್ಳುವುವು. ಚೆನ್ನೈ ನಗರದ ಮೇ ತಿಂಗಳಲ್ಲಿ ಇದನ್ನು ಮರೆಯಲಾಗದು.

ನಮಗೆ ಬೇಕಾದ ಇನ್ನೊಂದು ಗುಣಕ್ಕೆ ಹೆಚ್ಚಿನ ಹಣವೇ ಬೇಕಿಲ್ಲ. ಎಲ್ಲ ಮುಖ್ಯ ಕಾರ್ಯವ್ಯವಸ್ಥೆಗಳಲ್ಲಿಯೂ ಕನ್ನಡದ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆ ಅಡಕವಾಗಿದೆ. ಭಾರತೀಯ ಲಿಪಿಗಳಿಗೆಲ್ಲ ಇದರ ಜೋಡಣೆ ಒಂದೇ ಕ್ರಮದ್ದು. ಇದರಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ತಮಿಳಿನ ‘ಕ’ವೂ ಇರುವುದು. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಬಳಸುವ ಮೈಲಾಪುರದ ಹುಡುಗರಿಗೆ ಒಂದೇ ಅಭ್ಯಾಸದಿಂದ ಎರಡು ಭಾಷೆಗಳ ಬರವಣಿಗೆ ಕೈಗೂಡುವುದು.

ಬೆಲೆಯ ಲೆಕ್ಕ

ಈಗ ಒಂದು ಗಣಿತವನ್ನು ಮಾಡೋಣ. ‘ಅ’ ಎಂಬ ಯಂತ್ರದ ಬೆಲೆ 1,20,000 ರೂಪಾಯಿ ಎಂದಿಟ್ಟುಕೊಳ್ಳಿ. ನಡುವೆ ಒಮ್ಮೆ ಬ್ಯಾಟರಿ ಬದಲಿಸಲು 12,000 ರೂಪಾಯಿ ತಗಲಿ, ಅದು 8 ವರ್ಷ ಬಾಳಿದರೆ ವರ್ಷಕ್ಕೆ ಬೀಳುವ ವೆಚ್ಚ 16,500 ರೂಪಾಯಿ. ‘ಆ’ ಎಂಬ ಯಂತ್ರದ ಬೆಲೆ 48,000 ರೂಪಾಯಿ. ಅದು 3 ವರ್ಷ ಬಾಳಿದರೆ ವರ್ಷಕ್ಕೆ 16,000 ರೂಪಾಯಿ. ಎರಡೂ ಹೆಚ್ಚುಕಡಿಮೆ ಸಮವೇ! ಆದರೆ ‘ಅ’ ಯಂತ್ರವು ಅಜಾಗ್ರತೆಯಿಂದ 4ನೆಯ ವರ್ಷದ ಕೊನೆಗೇ ಕೆಟ್ಟುಹೋದರೆ, ಬ್ಯಾಟರಿಯ ವೆಚ್ಚವನ್ನು ಬಿಟ್ಟರೂ, ವರ್ಷಕ್ಕೆ 30,000 ರೂಪಾಯಿ ಆಗುವುದು. ಇದರಿಂದ ತಿಳಿಯುವುದೇನು? ಬೆಲೆಬಾಳುವ ಯಂತ್ರವು ತನ್ನ ಬೆಲೆಯನ್ನು ತೀರಿಸುವುದು ದೀರ್ಘಾಯುಷ್ಯದಿಂದ. ಆ ಆಯುಷ್ಯವಿರುವುದು ಬಹುಮಟ್ಟಿಗೆ ಪಾಲಿಸುವವರ ಕೈಯಲ್ಲಿ.

ಬಹುಮಟ್ಟಿಗೆ ಎಂದುದಕ್ಕೆ ಕಾರಣವುಂಟು. 2025ರ ಅಕ್ಟೋಬರ್ 14ರಂದು ‘ವಿಂಡೋಸ್ 10’ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಗಟ್ಟಿಮುಟ್ಟಾಗಿದ್ದ ಎಷ್ಟೋ ಹಳೆಯ ಯಂತ್ರಗಳಿಗೆ ‘ವಿಂಡೋಸ್ 11’ರ ನಿಬಂಧನೆಗಳು ಹೊಂದಲಿಲ್ಲ. ಆದುದರಿಂದ ತಯಾರಕರು ಎಷ್ಟು ವರ್ಷ ಬೆಂಬಲ ಕೊಡುವರು, ಬಿಡಿಭಾಗಗಳು ದೊರೆಯುವುವೇ ಎಂಬುದನ್ನು ಮೊದಲೇ ಕೇಳಬೇಕು. ಅಣ್ಣಾ ಸಾಲೆಯ ಬಳಿಯ ರಿಚ್ಚಿ ಸ್ಟ್ರೀಟಿನಲ್ಲಿ ರಿಪೇರಿ ಮಾಡುವವರು ಹಲವರಿರುವರು. ಎಂತಹ ಯಂತ್ರಗಳು ಹೆಚ್ಚಾಗಿ ರಿಪೇರಿಗೆ ಬರುವುವೆಂದು ಅವರನ್ನು ಕೇಳಿದರೆ ಜಾಹಿರಾತಿನಲ್ಲಿಲ್ಲದ ಸಂಗತಿಗಳು ತಿಳಿಯುವುವು.

ನಮ್ಮ ಊರಿಗೆ ತಕ್ಕ ಪಾಲನೆ

ಮೈಲಾಪುರಕ್ಕೆ ಕಡಲು ಅತಿ ಸಮೀಪ. ಕಡಲಗಾಳಿಯಲ್ಲಿ ಉಪ್ಪಿನ ಸೂಕ್ಷ್ಮಕಣಗಳಿರುವುವು. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರೊಡೆಯುವುದನ್ನು ನೀವು ನೋಡಿರುವಿರಿ. ಗಾಳಿಯ ಸಾಪೇಕ್ಷ ತೇವಾಂಶವು ಶೇಕಡ 75ನ್ನು ಮೀರಿದಾಗ ಉಪ್ಪು ನೀರನ್ನು ಹೀರಿ ಕರಗುವುದು. ಯಂತ್ರದ ಕಿಂಡಿಗಳಲ್ಲಿ ಕುಳಿತ ಕಣಗಳೂ ಹೀಗೆಯೇ ಕರಗಿ ಲೋಹದ ತುದಿಗಳನ್ನು ತಿನ್ನುವುವು. ಆದುದರಿಂದ ಕಡಲಕಡೆಯ ಕಿಟಕಿಯ ಬಳಿ ಯಂತ್ರವನ್ನು ತೆರೆದಿಡಬಾರದು. ಕೆಲಸ ಮುಗಿದೊಡನೆ ಮುಚ್ಚಿ ಚೀಲದಲ್ಲಿಡಬೇಕು.

ತಣ್ಣನೆಯ ಮಜ್ಜಿಗೆಯ ಲೋಟದ ಹೊರಗೆ ಹನಿಗಟ್ಟುವುದಷ್ಟೆ. ಏರ್‌ಕಂಡಿಷನ್ ಕೋಣೆಯಿಂದ ಹೊರಬಂದ ತಣ್ಣನೆಯ ಲ್ಯಾಪ್‌ಟಾಪಿಗೂ ಹೀಗಾಗಬಹುದು. ಆಗ ಅದನ್ನು ಚೀಲದಲ್ಲಿಯೇ ಅರ್ಧ ಗಂಟೆ ಬಿಟ್ಟು, ಹೊರಗಿನ ಉಷ್ಣತೆಗೆ ಹೊಂದಿದ ಮೇಲೆ ತೆರೆಯುವುದು ಲೇಸು.

ಲಿಥಿಯಂ ಅಯಾನ್ ಬ್ಯಾಟರಿಯು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಈ ಬ್ಯಾಟರಿಗೆ ಶಾಖವೇ ಶತ್ರು. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಿಸಿಯಲ್ಲಿಟ್ಟರೆ ಅದು ಬೇಗ ಮುಪ್ಪಾಗುವುದು. ಅನೇಕ ಯಂತ್ರಗಳಲ್ಲಿ ಶೇಕಡ 80ಕ್ಕೆ ತುಂಬುವುದನ್ನು ನಿಲ್ಲಿಸುವ ಏರ್ಪಾಡಿದೆ. ಸದಾ ಪ್ಲಗ್ಗಿಗೆ ಸೇರಿಸಿ ಬಳಸುವವರು ಅದನ್ನು ಅನುಸರಿಸಬೇಕು. ಹಾಸಿಗೆ ದಿಂಬುಗಳ ಮೇಲಿಟ್ಟು ಗಾಳಿಕಿಂಡಿಗಳನ್ನು ಮುಚ್ಚಬಾರದು. ತಳವು ಉಬ್ಬಿದಂತೆ ಕಂಡರೆ ಬಳಕೆಯನ್ನು ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು. ಚುಚ್ಚುವುದಾಗಲಿ ಒತ್ತುವುದಾಗಲಿ ಕೂಡದು.

ಪರದೆಯನ್ನು ಮೃದುವಾದ ಬಟ್ಟೆಯಿಂದ ಒರೆಸಬೇಕು. ನೀರನ್ನು ನೇರವಾಗಿ ಚಿಮುಕಿಸಬಾರದು. ಆಯುಧಪೂಜೆಯ ದಿನ ಗಂಧಕುಂಕುಮಗಳನ್ನು ಮುಚ್ಚಳದ ಮೇಲೆ ಹಗುರವಾಗಿ ಇಟ್ಟರೆ ಸಾಕು, ಕೀಲಿಗಳ ನಡುವೆ ಪುಡಿ ಬೀಳಬಾರದು. 2015ರ ಡಿಸೆಂಬರಿನ ಪ್ರವಾಹವನ್ನು ಕಂಡ ನಗರ ನಮ್ಮದು. ಮಳೆಗಾಲದಲ್ಲಿ ಯಂತ್ರವನ್ನು ಎತ್ತರದಲ್ಲಿಟ್ಟು, ಬರೆದುದರ ಪ್ರತಿಯನ್ನು ಬೇರೆಡೆಯೂ ಉಳಿಸಬೇಕು. ಯಂತ್ರ ಹೋದರೆ ಮತ್ತೊಂದನ್ನು ಕೊಳ್ಳಬಹುದು. ಒಂದು ವರ್ಷದ ಟಿಪ್ಪಣಿಗಳನ್ನು ಕೊಳ್ಳಲಾಗದು.

ಅಭ್ಯಾಸ

1. 90,000 ರೂಪಾಯಿಯ ಯಂತ್ರವು ವರ್ಷಕ್ಕೆ 15,000 ರೂಪಾಯಿಗಿಂತ ಹೆಚ್ಚು ವೆಚ್ಚಕ್ಕೆ ಬೀಳದಿರಲು ಎಷ್ಟು ವರ್ಷ ಬಾಳಬೇಕು?
2. ಏರ್‌ಕಂಡಿಷನ್ ಕೋಣೆಯಿಂದ ಹೊರತಂದ ಲ್ಯಾಪ್‌ಟಾಪನ್ನು ಕೂಡಲೇ ಏಕೆ ತೆರೆಯಬಾರದು?
3. ನಿಮ್ಮ ಮನೆಯಲ್ಲಿ ಯಂತ್ರವನ್ನಿಡಲು ಯೋಗ್ಯವಾದ ಸ್ಥಳವನ್ನು ಆರಿಸಿ, ಕಾರಣಗಳನ್ನು ಬರೆಯಿರಿ.