ಕ್ರಿಸ್ತಜಯಂತಿಯ ಸಂತೋಷ

ಕ್ರಿಸ್ತಜಯಂತಿಯಲ್ಲಿ ಸಂತೋಷಪಡತಕ್ಕದ್ದೆಂದು ನಾವೆಲ್ಲರೂ ಬಲ್ಲೆವು. ಆದರೆ ಈ ವರುಷವೇ ತಾಯಿಯನ್ನು ಕಳಕೊಂಡವಳು, ಹೊಸ ಬಟ್ಟೆಗೆ ಹಣವಿಲ್ಲದವಳು, ರೋಗದಿಂದ ಹಾಸಿಗೆ ಹಿಡಿದವಳು ಹೇಗೆ ಸಂತೋಷಪಟ್ಟಾಳು? ಇದಕ್ಕೆ ಉತ್ತರ ದೊರೆಯದಿದ್ದರೆ ನಮ್ಮ ಹಬ್ಬವು ಸುಖಿಗಳ ಹಬ್ಬವಾಗಿಯೇ ಉಳಿಯುವದು. ಆದಕಾರಣ ಲೂಕನ ಸುವಾರ್ತೆಯ 2ನೆಯ ಅಧ್ಯಾಯವನ್ನು ವಿಚಾರಿಸಿ ನೋಡೋಣ.

ಆ ಮೊದಲನೆಯ ರಾತ್ರಿಯಲ್ಲಿ ಸುಖಸಾಧನಗಳೇನೂ ಇರಲಿಲ್ಲ. ಚಕ್ರವರ್ತಿಯು ಖಾನೇಷುಮಾರಿಗೆ ಅಪ್ಪಣೆಮಾಡಿದ್ದರಿಂದ ಯೋಸೇಫನೂ ಗರ್ಭಿಣಿಯಾದ ಮರಿಯಳೂ ನಜರೇತನ್ನು ಬಿಟ್ಟು ಬೇತ್ಲೆಹೇಮಿಗೆ ಬರಬೇಕಾಯಿತು. ಛತ್ರದಲ್ಲಿ ಸ್ಥಳ ಸಿಕ್ಕದೆ ಶಿಶುವನ್ನು ಗೋದಲಿಯಲ್ಲಿ ಮಲಗಿಸಿದರು. ಸಂತೋಷದ ವಾರ್ತೆಯು ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ ಮೊದಲು ಬಂತು. ಅವರ ಬಡತನವು ಆ ರಾತ್ರಿಯೇ ತೀರಿತೆಂದು ಲೂಕನು ಬರೆಯಲಿಲ್ಲ. ಆದಾಗ್ಯೂ ಅವರು ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರೆಂದು ಬರೆದಿದ್ದಾನೆ. ಹಳೆಯ ಕೆಲಸಕ್ಕೇ ಅವರು ಹೊಸ ಹೃದಯದಿಂದ ಮರಳಿದರು.

ಕುರುಬರು ಹೀಗೆ ಬಾಯಿತುಂಬ ಸ್ತುತಿಸಿದರು. ಮರಿಯಳಾದರೋ ಕೇಳಿದ್ದನ್ನೆಲ್ಲಾ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಿದ್ದಳು. ಆದದರಿಂದ ಮೌನವೂ ಹಬ್ಬದ ಸಂತೋಷದಲ್ಲಿ ಒಂದು ವಿಧವೇ ಆಗಿದೆ. ದುಃಖದಲ್ಲಿರುವ ಗೆಳತಿಯನ್ನು ನಗಬೇಕೆಂದು ಬಲವಂತಪಡಿಸಬಾರದು. ಆಕೆಯ ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳುವದು ಸಹ ಹಬ್ಬದ ಸೇವೆಯೇ.

ಸಭೆಯ ಚರಿತ್ರೆಯೂ ಈ ಪಾಠವನ್ನೇ ಕಲಿಸುತ್ತದೆ. 1223ರಲ್ಲಿ ಅಸ್ಸೀಸಿಯ ಫ್ರಾನ್ಸಿಸನು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯೊಂದನ್ನು ಸಿದ್ಧಪಡಿಸಿ, ಹುಲ್ಲು ಹಾಸಿ, ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ ಜಯಂತಿಯನ್ನು ಆಚರಿಸಿದನು. ಇಂದು ಅನೇಕ ಭಾಷೆಗಳಲ್ಲಿ ಹಾಡಲ್ಪಡುವ 'ಸೈಲೆಂಟ್ ನೈಟ್' ಎಂಬ ಗೀತವು 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಎಂಬ ಊರಿನ ದೇವಾಲಯದಲ್ಲಿ ಒಂದು ಗಿಟಾರಿನ ಜತೆಯಲ್ಲಿ ಮೊದಲು ಕೇಳಿಬಂತು. ಹುಲ್ಲೂ ಒಂದು ತಂತಿವಾದ್ಯವೂ ಇವರಿಗೆ ಸಾಕಾದವು.

ದೂತನ ವಾರ್ತೆಯು ಸರ್ವಜನರಿಗಾಗಿ ಇತ್ತೆಂಬದನ್ನು ಸಹ ನಾವು ಮರೆಯಬಾರದು. ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಕುಸ್ವಾರ್ ಎಂಬ ತಿಂಡಿಗಳನ್ನು ಅನ್ಯಮತದ ನೆರೆಯವರಿಗೂ ಹಂಚುವ ಒಳ್ಳೆಯ ಪದ್ಧತಿಯುಂಟು. ತಟ್ಟೆಯು ನೆರೆಮನೆಯ ಹೊಸ್ತಿಲನ್ನು ದಾಟಿದಾಗಲೇ ಆ ಮಾತು ನಮ್ಮಲ್ಲಿ ನೆರವೇರುವದು.

ಆದದರಿಂದ ನಕ್ಷತ್ರದ ದೀಪವನ್ನು ತೂಗಹಾಕುವದಕ್ಕೆ ಮುಂಚೆ ನಮ್ಮಲ್ಲಿ ಪ್ರತಿಯೊಬ್ಬಳೂ ದುಃಖದಲ್ಲಿರುವ ಒಬ್ಬರನ್ನು ನೆನಸಿಕೊಳ್ಳಲಿ. ಹಬ್ಬದ ದಿವಸವು ಮುಗಿಯುವದರೊಳಗೆ ಅವರ ಬಾಗಿಲಿಗೆ ಹೋಗಿ ಬರಲಿ. ಗೋದಲಿಯಲ್ಲಿ ಮಲಗಿದ ಕರ್ತನು ಆ ಮನೆಗೂ ನಮ್ಮ ಮನೆಗೂ ತನ್ನ ಸಂತೋಷವನ್ನು ಅನುಗ್ರಹಿಸಲಿ.