ವಿದ್ಯುತ್ತು ನಿಂತಾಗ ಮನೆಯಲ್ಲೇ ಮಾಡಿದ ಲಾಂದ್ರ

ಸಂಜೆ ವಿದ್ಯುತ್ತು ನಿಂತೊಡನೆ ವಿದ್ಯಾರ್ಥಿಯ ಮನೆಯಲ್ಲಿ ಮೊದಲು ನಿಲ್ಲುವುದು ಓದು. ಬುಡ್ಡಿದೀಪವು ಪುಸ್ತಕಕ್ಕೆ ಕೊಡುವ ಬೆಳಕಿಗಿಂತ ಗೋಡೆಗೆ ಹತ್ತಿಸುವ ಮಸಿಯೇ ಹೆಚ್ಚು. ಎಣ್ಣೆ ಚೆಲ್ಲಿದರೆ ಬೆಂಕಿಯ ಭಯ ಬೇರೆ. ಎಲ್‌ಇಡಿ ಎಂಬ ಪುಟ್ಟ ಡಯೋಡುಗಳಿಂದ ಒಳ್ಳೆಯ ಲಾಂದ್ರವೊಂದನ್ನು ನಾವೇ ರಚಿಸಿಕೊಳ್ಳಬಹುದು. ಆದರೆ ಅದರಲ್ಲಡಗಿರುವ ಒಂದು ಚಿಕ್ಕ ಲೆಕ್ಕವನ್ನರಿಯದೆ ತಂತಿ ಜೋಡಿಸಿದರೆ ದೀಪವು ಕ್ಷಣಮಾತ್ರದಲ್ಲಿ ಸುಟ್ಟುಹೋಗುವುದುಂಟು.

ಕಾರಣವನ್ನು ನೋಡೋಣ. ಹಳೆಯ ಬಲ್ಬಿನೊಳಗಿನ ತಂತಿ ಕಾದಂತೆಲ್ಲ ಅದರ ರೋಧವು ಹೆಚ್ಚಿ, ಪ್ರವಾಹವು ತಾನಾಗಿಯೇ ಮಿತಿಯಲ್ಲಿರುತ್ತದೆ. ಡಯೋಡಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಬಿಳಿಯ ಎಲ್‌ಇಡಿಯು 2 ವೋಲ್ಟಿಗೆ ಬೆಳಗುವುದೇ ಇಲ್ಲ; ಸುಮಾರು 3 ವೋಲ್ಟಿಗೆ ಚೆನ್ನಾಗಿ ಬೆಳಗುತ್ತದೆ; ಅಲ್ಲಿಂದ ಮುಂದೆ ಅರ್ಧ ವೋಲ್ಟು ಏರಿದರೂ ಪ್ರವಾಹವು ಹಲವು ಪಟ್ಟಾಗುವುದು. ಬಿಸಿಯೇರಿದರಂತೂ ಇನ್ನೂ ಹೆಚ್ಚುವುದು. ಆದುದರಿಂದ ಇದಕ್ಕೊಂದು ಕಡಿವಾಣ ಬೇಕು. ಆ ಕಡಿವಾಣವೇ ರೋಧಕ.

ಟಾರ್ಚಿಗೆ ಹಾಕುವ 1.5 ವೋಲ್ಟಿನ ನಾಲ್ಕು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟು ದೊರೆಯುತ್ತದೆ. ಅದರಲ್ಲಿ 3 ವೋಲ್ಟು ಎಲ್‌ಇಡಿಯ ಪಾಲು. ಉಳಿದ 3 ವೋಲ್ಟನ್ನು ರೋಧಕವು ಹೊರಬೇಕು. ಸಾಮಾನ್ಯವಾದ 5 ಮಿಲಿಮೀಟರ್ ಎಲ್‌ಇಡಿಗೆ 20 ಮಿಲಿಆಂಪಿಯರ್, ಎಂದರೆ 0.02 ಆಂಪಿಯರ್ ಪ್ರವಾಹ ಸಾಕು. ಓಮನ ನಿಯಮದಂತೆ 3ನ್ನು 0.02ರಿಂದ ಭಾಗಿಸಿದರೆ 150 ಓಂ. ಕಂದು, ಹಸಿರು, ಕಂದು ಪಟ್ಟಿಗಳುಳ್ಳ ರೋಧಕವನ್ನು ಕೇಳಿ ತರಬೇಕು. ಮತ್ತೆ ತುಂಬಬಲ್ಲ 1.2 ವೋಲ್ಟಿನ ಸೆಲ್ಲುಗಳಾದರೆ ಒಟ್ಟು 4.8 ವೋಲ್ಟು ಮಾತ್ರ. ಆಗ 100 ಓಂ ಯುಕ್ತ.

ಓದಲು ಒಂದು ಎಲ್‌ಇಡಿ ಸಾಲದು, ಮೂರಾದರೂ ಇರಲಿ. ಮೂರನ್ನೂ ಸಮಾಂತರವಾಗಿ ಜೋಡಿಸಿ, ಒಂದೊಂದಕ್ಕೂ ಬೇರೆಬೇರೆ ರೋಧಕವನ್ನು ಕೊಡಬೇಕು. ಒಂದೇ ರೋಧಕದಲ್ಲಿ ಮುಗಿಸುವ ಜಿಪುಣತನ ಇಲ್ಲಿ ಸಲ್ಲದು. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲಿಯೂ ಸ್ವಲ್ಪ ಭೇದವಿರುವುದರಿಂದ, ಕಡಿಮೆ ವೋಲ್ಟಿಗೇ ಬೆಳಗುವಂತಹುದು ಉಳಿದವುಗಳ ಪಾಲನ್ನೂ ನುಂಗುವುದು. ಉದ್ದನೆಯ ಕಾಲು ಧನಾಗ್ರದ ಕಡೆಗೆ ಬರಬೇಕು. ತಿರುಗುಮುರುಗಾದರೆ ದೀಪ ಹತ್ತುವುದಿಲ್ಲ.

ಈ ಬಿಳಿಯ ಬೆಳಕು ನಿಜವಾಗಿ ನೀಲಿಯ ಸಂತಾನ. ಒಳಗಿನ ಹರಳು ನೀಲಿಯಾಗಿ ಬೆಳಗುತ್ತದೆ. ಮೇಲಿನ ಹಳದಿಯ ಲೇಪವು ಅದರ ಒಂದಂಶವನ್ನು ಹಳದಿಯಾಗಿಸುತ್ತದೆ. ಎರಡೂ ಬೆರೆತು ಬಿಳಿಯಾಗುತ್ತದೆ. ನೀಲಿಯ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೋ ಮತ್ತು ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಬೆಳಕು ಒಂದೇ ಕಡೆ ಚುಚ್ಚಿದಂತೆ ಬೀಳುವುದಾದರೆ ಎಲ್‌ಇಡಿಯ ತಲೆಯನ್ನು ನುಣುಪಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಬೇಕು, ಇಲ್ಲವೆ ಹಾಲುಬಣ್ಣದ ಪ್ಲಾಸ್ಟಿಕ್ ಡಬ್ಬಿಯನ್ನು ಅದರ ಮೇಲೆ ಕವುಚಬೇಕು. ಬಹುದಿನ ಬಳಸದಿರುವಾಗ ಸೆಲ್ಲುಗಳನ್ನು ಹೊರತೆಗೆದಿಡುವುದು ಲೇಸು. ಅವು ಸೋರಿದರೆ ತಂತಿಯ ಸಂಧಿಗಳಿಗೆ ಕಿಲುಬು ಹತ್ತುವುದು.